ಕಾಪು ತಾಮ್ರಶಾಸನದ ಶಾಪವಾಕ್ಯವೂ ಆ ಸೀಮೆಯ ಕಲಾಜೀವನವೂ

೧

ಶಾಸನಗಳನ್ನು ಓದುವವರು ಸಾಮಾನ್ಯವಾಗಿ ಮೂರು ಅಂಶಗಳನ್ನು ಅರಸುವರು: ಕೊಟ್ಟವನಾರು, ಪಡೆದವನಾರು, ಕಾಲವಾವುದು. ಇವು ದೊರೆತ ಬಳಿಕ ಉಳಿದ ಭಾಗದ ಮೇಲೆ ದೃಷ್ಟಿ ನಿಲ್ಲುವುದು ವಿರಳ. ಅದರಲ್ಲಿಯೂ ಕೊನೆಯ ಶಾಪಾಶಯವು ಎಲ್ಲ ಶಾಸನಗಳಿಗೂ ಸಾಧಾರಣವಾದ ರೂಢಿಯ ಮಾತೆಂದು ಅದನ್ನು ಹಾಗೆಯೇ ಬಿಟ್ಟು ಮುಂದೆ ಹೋಗುವುದು ವಾಡಿಕೆಯಾಗಿದೆ. ದತ್ತಿಯನ್ನು ಅಪಹರಿಸಿದವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂಬ ಶ್ಲೋಕವನ್ನು ನೂರಾರು ಕಡೆ ಕಂಡವರಿಗೆ ಅದರಲ್ಲಿ ಹೊಸತೇನೂ ತೋರದಿರುವುದು ಸಹಜವೇ ಸರಿ.

ಆದರೆ ಪಾಠಶಾಲೆಗಳಲ್ಲಿ ಮೀಮಾಂಸೆಯ ಮೊದಲ ಪಾಠಗಳನ್ನು ಹೇಳಿಸಿಕೊಂಡವರಿಗೆ ಈ ಉಪೇಕ್ಷೆಯು ಸರಿಯೆನಿಸದು. ವೇದದಲ್ಲಿ ವಿಧಿವಾಕ್ಯಗಳ ಜತೆಗೆ ಅರ್ಥವಾದಗಳೂ ಇವೆ. ಅವು ಕೇವಲ ಸ್ತುತಿ, ಕೇವಲ ನಿಂದೆ. ಅವುಗಳಿಂದ ಪ್ರಯೋಜನವೇನೆಂದು ಪೂರ್ವಪಕ್ಷವನ್ನು ಮಾಡಿ, ಅರ್ಥವಾದವು ವಿಧಿಯೊಡನೆ ಏಕವಾಕ್ಯತೆಯನ್ನು ಹೊಂದಿ ಸಾರ್ಥಕವಾಗುವುದೆಂದು ಜೈಮಿನಿಯು ಸಿದ್ಧಾಂತಪಡಿಸಿರುವನು. ನಿಂದೆಯು ಹೊರಟುದು ನಿಂದ್ಯವನ್ನು ಹಳಿಯುವುದಕ್ಕಾಗಿ ಅಲ್ಲ, ವಿಧಿಸಿದುದರಲ್ಲಿ ಕೇಳುವವನ ಮನಸ್ಸನ್ನು ನಿಲ್ಲಿಸುವುದಕ್ಕಾಗಿ. ಈ ನ್ಯಾಯವನ್ನು ಶಾಸನಗಳಿಗೆ ಅನ್ವಯಿಸಿದರೆ ಒಂದು ಲಾಭವುಂಟು. ದಾನವಾಕ್ಯದಿಂದ ಕೊಟ್ಟವನ ಇಚ್ಛೆಯು ತಿಳಿಯುತ್ತದೆ. ಶಾಪವಾಕ್ಯದಿಂದಲಾದರೋ ಕೇಳುವವರು ಯಾರು, ಅವರು ಯಾವುದಕ್ಕೆ ಅಂಜುವರು, ಯಾವುದನ್ನು ಪೂಜ್ಯವೆಂದು ಎಣಿಸುವರು ಎಂಬುದು ತಿಳಿಯುತ್ತದೆ. ಒಂದು ಊರಿನ ಸಮುದಾಯಜೀವನವನ್ನು ಅರಿಯಲು ಈ ಎರಡನೆಯ ಬಗೆಯ ಸಾಕ್ಷ್ಯವು ಮೊದಲನೆಯದಕ್ಕಿಂತ ಕಡಿಮೆಯದಲ್ಲ.

ಈ ಲೇಖನದಲ್ಲಿ ಅಂತಹ ಒಂದು ಶಾಪವಾಕ್ಯವನ್ನು ಆಧಾರವಾಗಿಟ್ಟುಕೊಂಡು, ಉಡುಪಿ, ಕಾಪು, ಕಾರ್ಕಳ, ಮಣಿಪಾಲಗಳನ್ನೊಳಗೊಂಡ ಸೀಮೆಯ ಕಲೆಗಳೂ ಉತ್ಸವಗಳೂ ಯಾವ ಕಟ್ಟಿನ ಮೇಲೆ ನಿಂತು ಬಂದಿವೆಯೆಂಬುದನ್ನು ಯಥಾಮತಿ ವಿಚಾರಿಸುತ್ತೇನೆ. ತುಳು, ಕನ್ನಡ, ಕೊಂಕಣಿ, ಬ್ಯಾರಿ, ಉರ್ದು ಎಂಬ ಐದು ನುಡಿಗಳು ಒಂದೇ ಪೇಟೆಯಲ್ಲಿ ಕೇಳಿಬರುವ ಸೀಮೆಯಿದು. ಇಲ್ಲಿಯ ಕಲೆಗಳು ಯಾರವು ಎಂಬ ಪ್ರಶ್ನೆಯು ಈಚಿನ ದಿನಗಳಲ್ಲಿ ಮತ್ತೆ ಮತ್ತೆ ಏಳುತ್ತಿರುವುದರಿಂದ ಈ ವಿಚಾರವು ಕೇವಲ ಪುರಾತತ್ತ್ವದ ಕುತೂಹಲವಲ್ಲ.

೨

ಉಡುಪಿಯಿಂದ ತೆಂಕಣಕ್ಕೆ ಕಡಲ ದಂಡೆಯಲ್ಲಿ ಮೂರು ಹರಿದಾರಿಯೊಳಗೆ ಕಾಪು ಎಂಬ ಊರಿದೆ. ಶಾಲಿವಾಹನ ಶಕ ೧೪೭೯ನೆಯ ನಳ ಸಂವತ್ಸರದಲ್ಲಿ, ಎಂದರೆ ಕ್ರಿ. ಶ. ೧೫೫೬ರಲ್ಲಿ, ಅಲ್ಲಿಯ ಅಧಿಪತಿಯಾಗಿದ್ದ ಮದ್ದ ಹೆಗ್ಗಡೆಯು ಧರ್ಮನಾಥ ತೀರ್ಥಂಕರನ ಬಸದಿಗಾಗಿ ಮಲ್ಲಾರು ಗ್ರಾಮದ ಭೂಮಿಯನ್ನು ಬಿಟ್ಟು ತಾಮ್ರಶಾಸನವನ್ನು ಬರೆಯಿಸಿದನು. ದಾನದ ಸ್ವರೂಪದಲ್ಲಿ ಅಪೂರ್ವವಾದುದೇನೂ ಇಲ್ಲ. ಅಪೂರ್ವವಾದುದು ಕೊನೆಯ ಭಾಗ. ಈ ಧರ್ಮಕ್ಕೆ ತಪ್ಪುವವನು ಜೈನನಾದರೆ ಬೆಳಗುಳದ ಗುಮ್ಮಟನಾಥನನ್ನೂ ಕೊಪಣದ ಚಂದ್ರನಾಥನನ್ನೂ ಊರ್ಜಯಂತಗಿರಿಯ ನೇಮಿನಾಥನನ್ನೂ ಒಡೆದ ಪಾಪಕ್ಕೆ ಹೋಗುವನು. ಶೈವನಾದರೆ ಶ್ರೀಪರ್ವತ, ಗೋಕರ್ಣ ಮೊದಲಾದ ಕ್ಷೇತ್ರಗಳಲ್ಲಿ ಕೋಟಿ ಲಿಂಗಗಳನ್ನು ಒಡೆದ ಪಾಪಕ್ಕೆ ಹೋಗುವನು. ವೈಷ್ಣವನಾದರೆ ತನ್ನ ಪರಮಕ್ಷೇತ್ರಗಳಲ್ಲಿ ಅಂತಹುದೇ ಪಾತಕವನ್ನು ಮಾಡಿದವನಾಗುವನು ಎಂಬುದು ಅದರ ತಾತ್ಪರ್ಯ.

ದಾನವು ಜಿನಾಲಯಕ್ಕೆ, ದಾನಿಯು ಜೈನ. ಆದರೂ ಅನ್ಯಮತೀಯನಿಗೆ ಅವನು ಜಿನನ ಆಣೆಯನ್ನು ಹಾಕಲಿಲ್ಲ. ಶೈವನಿಗೆ ಶಿವನ ಆಣೆ, ವೈಷ್ಣವನಿಗೆ ವಿಷ್ಣುವಿನ ಆಣೆ. ಇದಕ್ಕೆ ಲೌಕಿಕವಾದ ಕಾರಣವೂ ಸ್ಪಷ್ಟವಾಗಿಯೇ ಇದೆ. ಹೆಗ್ಗಡೆಯ ಮೇಲೆ ಕೆಳದಿಯ ಸದಾಶಿವನಾಯಕನಿದ್ದನು, ಕೆಳದಿಯವರು ವೀರಶೈವರು. ನಾಯಕನ ಮೇಲೆ ವಿಜಯನಗರದ ಸದಾಶಿವರಾಯನಿದ್ದನು; ಆ ಕಾಲದ ವಿಜಯನಗರದ ಆಸ್ಥಾನದಲ್ಲಿ ವೈಷ್ಣವಭಕ್ತಿಯು ಪ್ರಬಲವಾಗಿದ್ದಿತು. ಕೂಗಳತೆಯಲ್ಲದಿದ್ದರೂ ಅರೆದಿನದ ದಾರಿಯಲ್ಲಿಯೇ ಮಧ್ವಾಚಾರ್ಯರ ಪೀಠವಿತ್ತು. ದತ್ತಿಯನ್ನು ಕೆಡಿಸಬಲ್ಲವರು ಮೂರು ಮತದವರೂ ಆಗಬಹುದಾದ್ದರಿಂದ ಮೂವರನ್ನೂ ಕಟ್ಟಿಹಾಕಬೇಕಾಯಿತು. ಆದರೆ ಭಯದಿಂದ ಕಟ್ಟಲು ರಾಜದಂಡವೊಂದೇ ಸಾಕಾಗಿತ್ತು. ಹೆಗ್ಗಡೆಯು ನೆಚ್ಚಿದುದು ದಂಡವನ್ನಲ್ಲ, ಪರಮತದವನ ಶ್ರದ್ಧೆಯನ್ನು. ಗೋಕರ್ಣದ ಮೇಲೆ ನೆರೆಯವನಿಗಿರುವ ಭಕ್ತಿಯು ತನ್ನ ಬಸದಿಯ ಗದ್ದೆಗೆ ಬೇಲಿಯಾಗಬಲ್ಲುದೆಂದು ಆತನು ಎಣಿಸಿದನು.

ಇದನ್ನು ಶ್ರವಣಬೆಳಗೊಳದ ೧೩೬೮ರ ಬುಕ್ಕರಾಯನ ಶಾಸನದೊಡನೆ ಹೋಲಿಸಿ ನೋಡಬಹುದು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಬುಕ್ಕರಾಯನು ಇಬ್ಬರ ಕೈಗಳನ್ನೂ ಕೂಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರ ಮನೆಮನೆಯಿಂದ ಬಂದ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ ೨೦ ಮಂದಿ ಕಾವಲಿನವರನ್ನು ಇರಿಸಬೇಕೆಂದೂ ಉಳಿದ ಹಣದಿಂದ ಜಿನಾಲಯಗಳಿಗೆ ಸುಣ್ಣ ಹೊಯ್ಯಿಸಬೇಕೆಂದೂ ಕಟ್ಟಳೆಯಾಯಿತು. ಅದು ಅರಸನ ತೀರ್ಪು. ಮೇಲಿನಿಂದ ಇಳಿದು ಬಂದುದು. ಕಾಪುವಿನದು ಹಾಗಲ್ಲ. ಇಲ್ಲಿ ಭೇದವಿಲ್ಲವೆಂಬ ಮಾತಿಲ್ಲ. ಜೈನನು ಜೈನನಾಗಿಯೇ, ಶೈವನು ಶೈವನಾಗಿಯೇ ಉಳಿದು, ತನ್ನ ತನ್ನ ದೇವರ ಮೇಲಿನ ಆಣೆಯಿಂದಲೇ ಒಂದು ಸಾಮಾನ್ಯಧರ್ಮಕ್ಕೆ ಕಟ್ಟುಬೀಳುವನು. ಭೇದವನ್ನು ಅಳಿಸದೆ ಬೇಲಿಯಾಗಿ ಬಳಸಿಕೊಂಡ ಈ ರೀತಿಯು ಆ ಸೀಮೆಯ ಕಲಾಜೀವನಕ್ಕೆಲ್ಲ ಕೀಲಿಕೈಯಂತಿದೆಯೆಂದು ನನ್ನ ಅಭಿಪ್ರಾಯ. ಅದನ್ನು ಮುಂದೆ ಸಮರ್ಥಿಸುತ್ತೇನೆ.

೩

ಸಮರ್ಥಿಸುವುದಕ್ಕೆ ಮೊದಲು ಆ ಶಾಪವಾಕ್ಯದಲ್ಲಿರುವ ಒಂದು ಕೊರತೆಯನ್ನೂ ಹೇಳಬೇಕು. ಅದರಲ್ಲಿ ಜೈನ, ಶೈವ, ವೈಷ್ಣವರಿದ್ದಾರೆ. ಗದ್ದೆಯನ್ನು ಉತ್ತವನಿಲ್ಲ, ಬಸದಿಯ ಕಲ್ಲನ್ನು ಕಡೆದವನಿಲ್ಲ, ವಾದ್ಯ ಬಾರಿಸಿದವನಿಲ್ಲ. ಇವರ ವಿಷಯವನ್ನು ತಿಳಿಯಬೇಕಾದರೆ ಕಾರ್ಕಳಕ್ಕೆ ಹೋಗಬೇಕು.

ಕಾರ್ಕಳವು ಭೈರರಸರ ರಾಜಧಾನಿ. ಭೈರವನ ಮಗನಾದ ವೀರಪಾಂಡ್ಯನು ಪನಸೋಗೆಯ ಲಲಿತಕೀರ್ತಿ ಮುನಿಗಳ ಉಪದೇಶದಿಂದ ಶಕ ೧೩೫೩ನೆಯ ವಿರೋಧಿಕೃತ್ ಸಂವತ್ಸರದ ಫಾಲ್ಗುಣ ಶುದ್ಧ ದ್ವಾದಶಿಯಂದು, ಎಂದರೆ ೧೪೩೨ನೆಯ ಫೆಬ್ರವರಿ ೧೩ರಂದು, ಸುಮಾರು ೪೨ ಅಡಿ ಎತ್ತರದ ಬಾಹುಬಲಿಯ ಪ್ರತಿಮೆಯನ್ನು ಅಲ್ಲಿಯ ಬಂಡೆಗಲ್ಲಿನ ಗುಡ್ಡದ ಮೇಲೆ ಪ್ರತಿಷ್ಠಿಸಿದನು. ಅದರೆದುರಿನ ಬ್ರಹ್ಮದೇವರ ಕಂಬವು ೧೪೩೬ರದು. ನೂರೈವತ್ತು ವರ್ಷಗಳ ತರುವಾಯ, ೧೫೮೬ರಲ್ಲಿ, ಇಮ್ಮಡಿ ಭೈರರಸನು ಗುಮ್ಮಟನ ಗುಡ್ಡಕ್ಕೆ ಇದಿರಾಗಿ ತ್ರಿಭುವನತಿಲಕ ಜಿನಚೈತ್ಯಾಲಯವನ್ನು ಕಟ್ಟಿಸಿದನು. ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲುಗಳಿದ್ದು, ನಾಲ್ಕು ಕಡೆಯಿಂದಲೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನವಾಗುವುದರಿಂದ ಅದಕ್ಕೆ ಚತುರ್ಮುಖ ಬಸದಿಯೆಂದು ಹೆಸರಾಗಿದೆ. ಇದೇ ಊರಿನಲ್ಲಿ ಅನಂತಪದ್ಮನಾಭನ ಗುಡಿಯೂ, ಗೌಡಸಾರಸ್ವತರ ವೆಂಕಟರಮಣ ದೇವಾಲಯವೂ, ಹಿರಿಯಂಗಡಿಯಲ್ಲಿ ನೇಮಿನಾಥ ಬಸದಿಯೂ ಅದರ ಎತ್ತರವಾದ ಮಾನಸ್ತಂಭವೂ ಇವೆ.

ಗುಮ್ಮಟನ ಶಾಸನದಲ್ಲಿ ಅರಸನ ಹೆಸರಿದೆ, ಗುರುವಿನ ಹೆಸರಿದೆ, ತಿಥಿವಾರಗಳಿವೆ. ಆದರೆ ತುಳುವರ ಪಾಡ್ದನಗಳಲ್ಲಿ ಕಾರ್ಕಳದ ಗುಮ್ಮಟನ ಕಥೆಯು ಬೇರೊಂದು ಬಗೆಯಾಗಿದೆ. ಅಲ್ಲಿ ನಾಯಕನು ಅರಸನಲ್ಲ, ಶಿಲ್ಪಿಯಾದ ಕಲ್ಕುಡ. ಇಂತಹ ಮೂರ್ತಿಯನ್ನು ಮತ್ತೊಂದೆಡೆ ಕಡೆಯಬಾರದೆಂದು ಭೈರವರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನಂತೆ. ಅವನು ಉಳಿದ ಒಂದೇ ಕೈಯಿಂದ ವೇಣೂರಿನಲ್ಲಿ ಇನ್ನೊಂದು ಗುಮ್ಮಟನನ್ನು ಕಡೆದನಂತೆ. ಕಡೆಗೆ ಅವನೂ ಅವನ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅರಸನ ಮನೆಯನ್ನು ಕಾಡಿ, ತಮಗೆ ಸಲ್ಲಬೇಕಾದ ಆರಾಧನೆಯನ್ನು ಪಡೆದರು. ಇಂದಿಗೂ ಈ ಅಣ್ಣತಂಗಿಯರಿಗೆ ತುಳುನಾಡಿನ ಉದ್ದಗಲಕ್ಕೂ ಕೋಲ ನಡೆಯುತ್ತದೆ.

ಕಾಲಗಣನೆಯಿಂದ ಈ ಕಥೆಯು ನಿಲ್ಲದು. ವೇಣೂರಿನ ಪ್ರತಿಮೆಯನ್ನು ತಿಮ್ಮರಾಜ ಅಜಿಲನು ನಿಲ್ಲಿಸಿದುದು ೧೬೦೪ರಲ್ಲಿ. ಎರಡಕ್ಕೂ ನಡುವೆ ೧೭೨ ವರ್ಷಗಳ ಅಂತರವಿರುವಾಗ ಒಬ್ಬನೇ ಶಿಲ್ಪಿಯು ಎರಡನ್ನೂ ಕಡೆದಿರುವುದು ಅಸಂಭವ. ಇಷ್ಟನ್ನು ಹೇಳಿ ಪಾಡ್ದನವನ್ನು ಕಟ್ಟುಕಥೆಯೆಂದು ಬದಿಗೊತ್ತಿದವರುಂಟು. ಆದರೆ ಮೇಲೆ ಹೇಳಿದ ನ್ಯಾಯದಂತೆ ಇದನ್ನೂ ಅರ್ಥವಾದವೆಂದು ತಿಳಿದರೆ ವಿಧಿಯು ಹೊಳೆಯುತ್ತದೆ: ಮಾಡಿದವನ ಪಾಲನ್ನು ಅವನಿಗೆ ಸಲ್ಲಿಸಬೇಕು. ಶಾಸನವು ಕೊಟ್ಟವನನ್ನು ನೆನೆಯುತ್ತದೆ, ಪಾಡ್ದನವು ಕಡೆದವನನ್ನು ನೆನೆಯುತ್ತದೆ. ತಾಮ್ರದ ಮೇಲಿನ ಶಾಪವು ದಾನಿಯ ಇಚ್ಛೆಗೆ ಕಾವಲು. ದೈವದ ಕೋಪವು ಕುಶಲಕರ್ಮಿಯ ಹಕ್ಕಿಗೆ ಕಾವಲು. ಅರಸನ ಬರಹದಲ್ಲಿ ಸ್ಥಾನವನ್ನು ಕಾಣದವರು ತಮ್ಮದೇ ನುಡಿಯಲ್ಲಿ ತಮ್ಮದೇ ಶಾಪಾಶಯವನ್ನು ರಚಿಸಿಕೊಂಡರೆಂದು ಹೇಳಿದರೆ ಅತಿಶಯೋಕ್ತಿಯಾಗದು. ಆದಕಾರಣ ಈ ಸೀಮೆಯ ಚರಿತ್ರೆಯನ್ನು ಬರೆಯುವವರು ಶಾಸನವನ್ನೂ ಪಾಡ್ದನವನ್ನೂ ಎದುರೆದುರಾಗಿ ಇಟ್ಟುಕೊಂಡೇ ಓದಬೇಕು; ಒಂದನ್ನು ಬಿಟ್ಟು ಓದಿದರೆ ಅರ್ಧ ಊರು ಕಾಣದೆ ಹೋಗುತ್ತದೆ.

೪

ಈಗ ಪಾಲಿನ ವಿಚಾರ. ತುಳುನಾಡಿನ ಒಂದು ಕೋಲವನ್ನು ಕಂಡವರಿಗೆ ಅದು ಒಬ್ಬರ ಕಲೆಯಲ್ಲವೆಂಬುದು ವೇದ್ಯವಾಗುತ್ತದೆ. ಗುತ್ತಿನ ಮನೆಯ ಯಜಮಾನನು ಬಂಟನೋ ಜೈನನೋ ಆಗಿರುತ್ತಾನೆ. ಪೂಜೆಯ ಹೊಣೆಯು ಅನೇಕ ಕಡೆ ಬಿಲ್ಲವ ಪೂಜಾರಿಯದು. ದೈವದ ವೇಷವನ್ನು ತಾಳುವವರು ನಲಿಕೆ, ಪರವ, ಪಂಬದ ಕುಲದವರು. ಆ ಮನೆಯ ಹೆಂಗಸರು ತೆಂಬರೆ ಬಾರಿಸುತ್ತ ಪಾಡ್ದನವನ್ನು ಹೇಳುತ್ತಾರೆ. ದೀವಟಿಗೆಯೂ ಮಡಿವಸ್ತ್ರವೂ ಮಡಿವಾಳನ ಪಾಲು. ತೆಂಗಿನ ಎಳೆಗರಿಯ ಸಿರಿಯನ್ನು ಸೀಳಿ ಅಣಿಯನ್ನು ಕಟ್ಟುವ ಕೈಗಳು ಬೇರೆ, ಲೋಹದ ಮೊಗವನ್ನು ಎರಕ ಹೊಯ್ಯುವ ಕೈಗಳು ಬೇರೆ. ದೈವವು ಮೈದುಂಬಿ ನಿಂತಾಗ ಮನೆತನಗಳನ್ನು ಒಂದೊಂದಾಗಿ ಹೆಸರೆತ್ತಿ ಕರೆದು ಬೂಳ್ಯವನ್ನು ಕೊಡುತ್ತದೆ. ಆ ಕರೆಯಲ್ಲಿ ಒಂದು ಹೆಸರು ಬಿಟ್ಟುಹೋದರೆ ಊರಿನಲ್ಲಿ ವ್ಯಾಜ್ಯವೇಳುವುದುಂಟು. ಬೂಳ್ಯವೆಂದರೆ ವೀಳೆಯದೆಲೆಯಷ್ಟೇ, ವ್ಯಾಜ್ಯವು ಎಲೆಗಾಗಿ ಅಲ್ಲ, ಪಾಲಿಗಾಗಿ.

ಈ ಪಾಲು ಮತದ ಗಡಿಯನ್ನೂ ದಾಟಿದೆ. ಕಡಲ ಮೊಗವೀರರು ನಂಬುವ ಬೊಬ್ಬರ್ಯನ ಹುಟ್ಟನ್ನು ಪಾಡ್ದನಗಳು ಹಡಗಿನ ವ್ಯಾಪಾರಿಯಾದ ಬ್ಯಾರಿಯೊಬ್ಬನ ವಂಶದೊಡನೆ ಹೆಣೆಯುತ್ತವೆ. ಕಾಪುವಿನಿಂದ ತೆಂಕಲಾಗಿ ಹೋದರೆ ಸಿಗುವ ಮೂಲ್ಕಿಯ ಬಪ್ಪನಾಡಿನ ದುರ್ಗಾಪರಮೇಶ್ವರೀ ದೇವಾಲಯದ ಐತಿಹ್ಯದಲ್ಲಿ ಬಪ್ಪಬ್ಯಾರಿಯೆಂಬ ಮುಸಲ್ಮಾನ ವರ್ತಕನ ಹೆಸರು ಊರಿನ ಹೆಸರಿಗೇ ಸೇರಿಕೊಂಡಿದೆ.

ಕಾಪುವಿನ ಮಾರಿಗುಡಿಗಳನ್ನು ನೋಡೋಣ. ಘಟ್ಟದ ಮೇಲಿನ ಕೆಳದಿಯ ಸೈನ್ಯದೊಡನೆ ಮಾರಿಯು ಈ ಊರಿಗೆ ಬಂದಳೆಂದು ಐತಿಹ್ಯ. ಹೊರಗಿನಿಂದ ಬಂದ ದೇವತೆಯು ಇಂದು ಊರಿನ ಅಧಿದೇವತೆ. ಸುಗ್ಗಿ, ಆಟಿ, ಜಾರ್ದೆ ಎಂದು ತುಳುವರ ತಿಂಗಳುಗಳ ಲೆಕ್ಕದಲ್ಲಿ ವರ್ಷಕ್ಕೆ ಮೂರು ಸಲ ಅವಳ ಪೂಜೆಯಾಗುತ್ತದೆ. ಅವುಗಳಲ್ಲಿ ಮಾರ್ಚಿ ತಿಂಗಳ ಸುಗ್ಗಿಮಾರಿಯೇ ದೊಡ್ಡದು. ಕಾಪುವಿನ ದೇವಾಲಯಗಳಲ್ಲಿ ತಲೆಮಾರುಗಳಿಂದ ನಾಗಸ್ವರವನ್ನು ಊದುತ್ತ ಬಂದುದು ಒಂದು ಮುಸಲ್ಮಾನ ಮನೆತನ. ದೇವಿಯ ಮುಂದೆ ನುಡಿಯುವ ಆ ರಾಗಗಳು ತಂದೆಯಿಂದ ಮಗನಿಗೆ ಬಂದ ಪಾಲು. ದೇವಿಯ ಮುಡಿಗೆ ಏರುವ ಮಲ್ಲಿಗೆಯು ಹತ್ತಿರದ ಶಂಕರಪುರದ್ದು; ಅಲ್ಲಿ ಅದನ್ನು ಬೆಳೆಯುವವರಲ್ಲಿ ಕ್ರೈಸ್ತ ಕುಟುಂಬಗಳು ಅನೇಕ. ಬೆಳಗಿನ ಜಾವದಲ್ಲಿ ಮೊಗ್ಗನ್ನು ಬಿಡಿಸಿ, ಬಾಳೆಯ ನಾರಿನಲ್ಲಿ ಕಟ್ಟಿ, ಚೆಂಡಿಗೆ ೮೦೦ ಹೂವಿನಂತೆ, ನಾಲ್ಕು ಚೆಂಡು ಸೇರಿ ೩೨೦೦ ಹೂವಿನ ಒಂದು ಅಟ್ಟೆಯೆಂದು ಅಳೆಯುವರು. ಅದೇ ಮಲ್ಲಿಗೆಯು ಕೋಲಕ್ಕೂ ನಾಗಬನಕ್ಕೂ ಮದುವೆಯ ಚಪ್ಪರಕ್ಕೂ ಇಗರ್ಜಿಯ ಪೀಠಕ್ಕೂ ಹೋಗುತ್ತದೆ. ೨೦೦೮ರಲ್ಲಿ ಉಡುಪಿ ಮಲ್ಲಿಗೆಯೆಂಬ ಹೆಸರಿನಿಂದ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು.

ಪೂರ್ವಕ್ಕೆ ತಿರುಗಿದರೆ ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ಇಗರ್ಜಿಯಿದೆ. ೧೭೫೯ರಲ್ಲಿ ಸ್ಥಾಪಿತವಾದ ಆ ಇಗರ್ಜಿಯು, ೧೭೮೪ರಲ್ಲಿ ಟಿಪ್ಪುಸುಲ್ತಾನನು ಕೆನರಾ ಸೀಮೆಯ ಕ್ರೈಸ್ತರನ್ನು ಸೆರೆಹಿಡಿದು ಒಯ್ದಾಗ ಹಾಳಾಯಿತು. ಸೆರೆಯಿಂದ ಉಳಿದು ಬಂದವರು ಮತ್ತೆ ಕಟ್ಟಿದರು. ೧೮೩೯ರಲ್ಲಿ ಅದು ಈಗಿನ ಸ್ಥಳಕ್ಕೆ ಬಂದಿತು. ೨೦೧೬ರಲ್ಲಿ ಕಿರಿಯ ಬಸಿಲಿಕಾ ಎಂಬ ಪದವಿಯನ್ನು ಪಡೆಯಿತು. ಜನವರಿಯ ಉತ್ಸವಕ್ಕೆ ಸೇರುವವರು ಕ್ರೈಸ್ತರಷ್ಟೇ ಅಲ್ಲ. ಎಲ್ಲ ಜಾತಿಯವರೂ ಮೇಣದ ಬತ್ತಿಯ ಹರಕೆಯನ್ನು ಹೊತ್ತು ಹೋಗುತ್ತಾರೆ. ಊರವರ ಬಾಯಲ್ಲಿ ಅದು ಅತ್ತೂರು ಜಾತ್ರೆ. ಹರಕೆಯೆಂಬುದೂ ಒಂದು ಆಣೆಯೇ. ಕಾಪುವಿನ ಹೆಗ್ಗಡೆಯು ಪರಮತದವನ ಶ್ರದ್ಧೆಯನ್ನು ನೆಚ್ಚಿದಂತೆ ಇಲ್ಲಿಯ ಜನರು ಪರಮತದ ಸಂತನನ್ನು ನೆಚ್ಚಿದ್ದಾರೆ.

೫

ಪಾಲು ಒಂದೇ ಸಮಯದಲ್ಲಿ ಹಲವರಿಗೆ ಸಲ್ಲುವುದು. ಒಂದೇ ಅಧಿಕಾರವು ಹಲವರಿಗೆ ಸಲ್ಲಬೇಕಾದರೆ ಸರದಿಯು ಬೇಕು. ಇದಕ್ಕೆ ಉಡುಪಿಯ ಪರ್ಯಾಯವೇ ನಿದರ್ಶನ. ಶ್ರೀಕೃಷ್ಣನ ಪೂಜೆಯನ್ನು ಮಧ್ವಾಚಾರ್ಯರು ತಮ್ಮ ಎಂಟು ಮಂದಿ ಶಿಷ್ಯಯತಿಗಳಿಗೆ ಎರಡೆರಡು ತಿಂಗಳಂತೆ ಹಂಚಿಕೊಟ್ಟಿದ್ದರು. ಸೋದೆಯ ವಾದಿರಾಜರು ೧೫೨೨ರಿಂದ ಅದನ್ನು ಎರಡೆರಡು ವರ್ಷಗಳ ಸರದಿಯಾಗಿ ಮಾಡಿದರು. ಎಂಟು ಮಠಗಳ ಒಂದು ಸುತ್ತಿಗೆ ೧೬ ವರ್ಷ. ೨೦೨೨ಕ್ಕೆ ಆ ಏರ್ಪಾಡಿಗೆ ೫೦೦ ವರ್ಷ ತುಂಬಿತು. ರಾಜ್ಯಗಳು ಅಳಿದರೂ ಸರದಿಯು ಅಳಿಯಲಿಲ್ಲ. ಯಾವ ಮಠವೂ ಶಾಶ್ವತವಾಗಿ ಪೀಠವನ್ನು ಹಿಡಿಯುವಂತಿಲ್ಲ, ಯಾವ ಮಠವೂ ಶಾಶ್ವತವಾಗಿ ಹೊರಗಿರುವಂತಿಲ್ಲವೆಂಬುದೇ ಅದರ ಗಟ್ಟಿತನಕ್ಕೆ ಕಾರಣ.

ಪರ್ಯಾಯವೆಂದರೆ ಪೀಠಾರೋಹಣದ ಒಂದು ದಿನವಷ್ಟೇ ಅಲ್ಲ. ಬಾಳೆಮುಹೂರ್ತ, ಅಕ್ಕಿಮುಹೂರ್ತ, ಕಟ್ಟಿಗೆಮುಹೂರ್ತ, ಭತ್ತಮುಹೂರ್ತಗಳೆಂದು ಮುಂಚಿತವಾಗಿಯೇ ಸಿದ್ಧತೆಗಳು ಮೊದಲಾಗುತ್ತವೆ. ಸೌದೆಯನ್ನು ರಥದ ಆಕಾರದಲ್ಲಿ ಒಟ್ಟಿದ ಕಟ್ಟಿಗೆರಥವು ನುರಿತ ಕೈಗಳ ಕುಶಲಕೃತಿ. ಅಡಿಗೆಯ ಉರುವಲು ಕೂಡ ಅಲ್ಲಿ ಶಿಲ್ಪವಾಗುತ್ತದೆ. ಪೀಠವನ್ನೇರುವ ಯತಿಯು ಆ ಬೆಳಗಿನ ಜಾವದಲ್ಲಿ ಸ್ನಾನಮಾಡುವುದು ಉಡುಪಿಯಲ್ಲಿ ಅಲ್ಲ, ಕಾಪುವಿನ ಬಳಿಯ ದಂಡತೀರ್ಥದಲ್ಲಿ. ಅಲ್ಲಿಂದ ಜೋಡುಕಟ್ಟೆಗೆ ಬಂದು ಮೆರವಣಿಗೆಯಲ್ಲಿ ರಥಬೀದಿಯನ್ನು ಸೇರುವನು. ಗುಡಿಯೊಳಕ್ಕೆ ಹೋಗುವ ಮೊದಲು ಕನಕನ ಕಿಂಡಿಯಿಂದ ದೇವರ ದರ್ಶನವನ್ನು ಮಾಡುವನು. ಒಳಗೆ ಬರಲು ಎಡೆಯಿಲ್ಲದೆ ಹೊರಗೆ ನಿಂತ ಕನಕದಾಸರಿಗಾಗಿ ದೇವರು ತಿರುಗಿ ನಿಂತನೆಂಬ ಐತಿಹ್ಯವನ್ನು ಎಲ್ಲರೂ ಬಲ್ಲರು. ಕಾರ್ಕಳದಲ್ಲಿ ಕಲ್ಕುಡನಿಗೆ ಆದುದೇ ಇಲ್ಲಿ ಬೇರೊಂದು ರೂಪದಲ್ಲಿ ಆಗಿದೆ: ಪಾಲು ದೊರೆಯದವನ ನೆನಪು ಕಡೆಗೆ ಪಾಲು ಪಡೆದವರೆಲ್ಲರೂ ಹಾದುಹೋಗಬೇಕಾದ ದ್ವಾರವಾಗಿದೆ.

ಕೃಷ್ಣಜಯಂತಿಯ ಮರುದಿನದ ವಿಟ್ಲಪಿಂಡಿಯಂದು ಅದೇ ರಥಬೀದಿಯಲ್ಲಿ ಮಣ್ಣಿನ ಕೃಷ್ಣಮೂರ್ತಿಯ ರಥವೂ, ಮೊಸರುಕುಡಿಕೆಗಳನ್ನು ಒಡೆಯುವ ಗೊಲ್ಲರ ವೇಷವೂ, ತಾಸೆಯ ಬಡಿತಕ್ಕೆ ಕುಣಿಯುವ ಹುಲಿವೇಷಗಳೂ ಒಟ್ಟಿಗೆ ಕಾಣುತ್ತವೆ. ಮಠದ ವೇದಘೋಷಕ್ಕೂ ಪೇಟೆಯ ತಾಸೆಗೂ ಅಲ್ಲಿ ಒಂದೇ ಬೀದಿ, ಒಂದೇ ಹಗಲು.

೬

ಉಡುಪಿಯ ಮೂಡಣ ಗುಡ್ಡದ ಮೇಲಿನ ಮಣಿಪಾಲದ ಪ್ರಸ್ತಾಪವಿಲ್ಲದೆ ಈ ವಿಚಾರವು ಮುಗಿಯದು. ಅಲ್ಲಿ ಪ್ರಾಚೀನವಾದ ಬಸದಿಯೂ ಶಾಸನವೂ ಇಲ್ಲ. ಡಾ. ಟಿ. ಎಂ. ಎ. ಪೈ ಅವರ ಪ್ರಯತ್ನದಿಂದ ೧೯೫೩ರಲ್ಲಿ ಅಲ್ಲಿ ವೈದ್ಯಕೀಯ ವಿದ್ಯಾಲಯವು ಏರ್ಪಟ್ಟ ಮೇಲೆ ದೇಶವಿದೇಶಗಳ ವಿದ್ಯಾರ್ಥಿಗಳಿಂದ ತುಂಬಿದ ನಗರವದು. ಆದರೆ ಅದೇ ಪರಂಪರೆಯಿಂದ ಉಡುಪಿಯಲ್ಲಿ ೧೯೪೯ರಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಹುಟ್ಟಿತು. ಅದರ ಆಶ್ರಯದಲ್ಲಿ ೧೯೭೧ರಲ್ಲಿ ಯಕ್ಷಗಾನ ಕೇಂದ್ರವು ಮೊದಲಾಯಿತು. ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ತುಳು ನಿಘಂಟು ಆರು ಸಂಪುಟಗಳಲ್ಲಿ ೧೯೯೭ರ ಹೊತ್ತಿಗೆ ಪೂರ್ತಿಯಾಯಿತು.

ಪಾಡ್ದನಗಳು ಮೊದಲು ಅಚ್ಚಾದುದು ೧೮೮೬ರಲ್ಲಿ, ಮಂಗಳೂರಿನ ಬಾಸೆಲ್ ಮಿಷನಿನ ಮೆನ್ನರ್ ಪಾದ್ರಿಯವರ ಪ್ರಯತ್ನದಿಂದ. ಬರ್ನೆಲ್ ಎಂಬ ನ್ಯಾಯಾಧೀಶರು ಸಂಗ್ರಹಿಸಿದ್ದು ಅವರ ಮರಣಾನಂತರ ೧೮೯೪ರಿಂದ ಇಂಡಿಯನ್ ಆಂಟಿಕ್ವರಿಯಲ್ಲಿ ಹೊರಬಂದಿತು. ಕಲ್ಕುಡನ ಕಥೆಯು ಪಂಡಿತರ ಮೇಜಿಗೆ ಬಂದುದು ಈ ಪರದೇಶಿಯರ ಕೈಗಳಿಂದ. ನಮ್ಮ ಪಾಠಶಾಲೆಗಳಲ್ಲಿ ತರ್ಕವ್ಯಾಕರಣಗಳನ್ನು ಕಲಿತವರು ಬೀದಿಯ ಆಚೆ ತೆಂಬರೆಯೊಡನೆ ಕೇಳಿಬರುತ್ತಿದ್ದ ಹಾಡನ್ನು ಬರೆದಿಡಲಿಲ್ಲವೆಂಬುದನ್ನು ನಾನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾಗಿದೆ. ಬರೆಯಬಲ್ಲವನ ಮೇಲೆ ಬರೆಯಬೇಕಾದ ಋಣವಿದೆ. ಅದು ವಿದ್ವಾಂಸನ ಪಾಲು. ಅದನ್ನು ನಾವು ಬಹುಕಾಲ ಸಲ್ಲಿಸಲಿಲ್ಲ. ಈಚ�ನ ಸಂಸ್ಥೆಗಳು ಆ ಋಣವನ್ನು ತೀರಿಸಲು ತೊಡಗಿರುವುದು ಸಂತೋಷದ ವಿಷಯ.

೭

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಮೊದಲನೆಯದು: ಪಾಲೆಂದು ಹೊಗಳಿದ ಈ ವ್ಯವಸ್ಥೆಯು ಜಾತಿಯ ಕಟ್ಟಲ್ಲವೆ? ಇರುಳೆಲ್ಲ ದೈವವಾಗಿ ಪೂಜೆಗೊಂಡವನು ಹಗಲಾದೊಡನೆ ಅಂಗಳದ ಆಚೆ ನಿಲ್ಲಬೇಕಾಗಿದ್ದುದು ಸುಳ್ಳೆ? ಊಟದ ಪಂಕ್ತಿಯಲ್ಲಿ ಭೇದವಿರಲಿಲ್ಲವೆ? ಆಕ್ಷೇಪವು ಸತ್ಯವಾದುದು, ಅದನ್ನು ಮರೆಮಾಚುವುದು ವಿದ್ವತ್ತಿಗೆ ತಕ್ಕುದಲ್ಲ. ಆದರೆ ಪಾಲು ಬೇರೆ, ಕೀಳ್ಮೆ ಬೇರೆ. ಕಲ್ಕುಡನ ಪಾಡ್ದನವೇ ಇದಕ್ಕೆ ಪ್ರಮಾಣ. ಅವನು ಉಳಿಯನ್ನು ಕೆಳಗಿಡಬೇಕೆಂದು ಬಯಸಲಿಲ್ಲ, ಕೈಯನ್ನು ಕಡಿದುದಕ್ಕೆ ನ್ಯಾಯವನ್ನು ಬೇಡಿದನು. ಕಲೆಯನ್ನು ಉಳಿಸಿ ಅವಮಾನವನ್ನು ಕಳೆಯುವುದೇ ಆ ಕಥೆಯು ವಿಧಿಸುವ ದಾರಿ.

ಎರಡನೆಯ ಆಕ್ಷೇಪ: ಇವೆಲ್ಲ ಕಳೆದ ಕಾಲದ ಮಾತು, ಈಗ ಇವುಗಳಿಂದೇನು? ಇದಕ್ಕೆ ಉತ್ತರವನ್ನು ಕಾಪುವಿನಲ್ಲಿಯೇ ನೋಡಬಹುದು. ೨೦೨೨ರ ಮಾರ್ಚಿಯಲ್ಲಿ ಸುಗ್ಗಿಮಾರಿಪೂಜೆಯ ಸಮಯದಲ್ಲಿ ಜಾತ್ರೆಯ ಅಂಗಡಿಗಳ ಏಲಮಿನಿಂದ ಮುಸಲ್ಮಾನ ವ್ಯಾಪಾರಿಗಳನ್ನು ಹೊರಗಿಡಲಾಯಿತು. ಆ ಸುದ್ದಿಯು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ದೇವಿಯ ಮುಂದೆ ನಾಗಸ್ವರವನ್ನು ಊದುವ ಮನೆತನವು ಯಾವ ಮತದ್ದೆಂಬುದನ್ನು ಮೇಲೆ ಹೇಳಿದ್ದೇನೆ. ನ್ಯಾಯಾನ್ಯಾಯಗಳ ರಾಜಕೀಯ ಚರ್ಚೆಯು ಈ ಪತ್ರಿಕೆಯ ಕ್ಷೇತ್ರವಲ್ಲ. ಆದರೆ ಚರಿತ್ರೆಯ ದೃಷ್ಟಿಯಿಂದ ಒಂದು ಮಾತನ್ನು ಹೇಳಲೇಬೇಕು. ಅದೇ ಊರಿನಲ್ಲಿ ೧೫೫೬ರಲ್ಲಿ ತನ್ನ ಧರ್ಮಕ್ಕೆ ಪರಮತದವನನ್ನು ಕಾವಲಿರಿಸಿದ ಹೆಗ್ಗಡೆಯು, ಪರಮತದವನನ್ನು ಹೊರಗಿಟ್ಟರೆ ತನ್ನ ಧರ್ಮವು ಭದ್ರವಾಗುವುದೆಂದು ಎಣಿಸಿರಲಿಲ್ಲ. ಪೂರ್ವಾಚಾರವನ್ನು ಉದಾಹರಿಸುವವರು ಯಾವ ಪೂರ್ವಾಚಾರವೆಂಬುದನ್ನು ಪ್ರಮಾಣಸಹಿತವಾಗಿ ತೋರಿಸಬೇಕಾಗುತ್ತದೆ.

ಶಾಸನಗಳ ಕೊನೆಯಲ್ಲಿ ಶಾಪದ ಶ್ಲೋಕದ ಜತೆಗೆ ಮತ್ತೊಂದು ಶ್ಲೋಕವೂ ಹಲವೆಡೆ ಬರುವುದುಂಟು. ದಾನ, ಪಾಲನೆ ಇವೆರಡರಲ್ಲಿ ದಾನಕ್ಕಿಂತ ಪಾಲನೆಯೇ ಮೇಲೆಂಬುದು ಅದರ ಭಾವ. ವೀರಪಾಂಡ್ಯನೂ ಇಮ್ಮಡಿ ಭೈರರಸನೂ ಮದ್ದ ಹೆಗ್ಗಡೆಯೂ ಕೊಟ್ಟುಹೋದರು. ಕೊಡುವುದು ಒಬ್ಬನಿಂದ ಒಂದು ದಿನದಲ್ಲಿ ಆಗುವ ಕೆಲಸ. ಪಾಲಿಸುವುದು ದೀವಟಿಗೆ ಹಿಡಿದವನು, ಹೂ ಕಟ್ಟಿದವಳು, ನಾಗಸ್ವರ ಊದಿದವನು, ಪಾಡ್ದನ ಹಾಡಿದವಳು, ಸರದಿಗಾಗಿ ಹದಿನಾಲ್ಕು ವರ್ಷ ಕಾದವನು ಇವರೆಲ್ಲರಿಂದ ದಿನದಿನವೂ ಆಗಬೇಕಾದ ಕೆಲಸ. ಉಡುಪಿ, ಕಾಪು, ಕಾರ್ಕಳಗಳ ಕಲೆಗಳು ಯಾರವು ಎಂಬ ಪ್ರಶ್ನೆಗೆ ನನಗೆ ತೋರುವ ಉತ್ತರವಿದು: ಅವು ಕೊಟ್ಟವರವಲ್ಲ, ಪಾಲಿಸಿದವರವು, ಪಾಲಿಸಿದವರಾದರೋ ಒಂದೇ ಮತದವರಲ್ಲ.

ಕಾಪುವಿನಂತಹ ಶಾಪವಾಕ್ಯಗಳು ಕರಾವಳಿಯ ಬೇರೆ ಶಾಸನಗಳಲ್ಲಿಯೂ ಇದ್ದರೆ ವಿದ್ವಾಂಸರು ಅವನ್ನು ಕೂಡಿಸಿ ಪ್ರಕಟಿಸಬೇಕೆಂದೂ, ಅಧ್ಯಾಪಕರು ಶಾಸನಪಾಠವನ್ನು ಹೇಳುವಾಗ ಕೊನೆಯ ಪಂಕ್ತಿಗಳನ್ನು ಬಿಡದೆ ಓದಿಸಬೇಕೆಂದೂ, ಈ ಲೇಖನದಲ್ಲಿ ದೋಷಗಳೇನಾದರೂ ಕಂಡುಬಂದರೆ ತಿದ್ದಿ ತಿಳುಹಬೇಕೆಂದೂ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.